ಮೈಮರೆತು ಕೆಲಸ ಮಾಡುವಾಗ ಮಿದುಳು ಏನು ಮಾಡುತ್ತಿರುತ್ತದೆ?

ಹೋದ ಸಂಚಿಕೆಯಲ್ಲಿ ಏಕಾಗ್ರತೆಯ ಬಗ್ಗೆ ಬರೆಯುತ್ತಾ ಫ್ಲೋ ಕುರಿತು ಎರಡೇ ಸಾಲು ಹೇಳಿದ್ದೆ. ಬಂದ ಪತ್ರಗಳೆಲ್ಲ ಆ ಎರಡು ಸಾಲಿನ ಬಗ್ಗೆಯೇ ಇವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹೊಸ ಓದುಗರಿಗಾಗಿ ಒಂದು ಮಾತು: ಮಾಡುವ ಕೆಲಸದಲ್ಲಿ ಪೂರ್ತಿ ಮುಳುಗಿ, ಹೊತ್ತು ಹೋದದ್ದು ತಿಳಿಯದೆ, 'ನಾನು ಸರಿಯಾಗಿ ಮಾಡುತ್ತಿದ್ದೇನಾ' ಎಂಬ ಒಳದನಿಯೂ ಅಡಗಿ, ಕೆಲಸ ತಾನಾಗಿಯೇ ಸಾಗುತ್ತದಲ್ಲ, ಅದೇ ಫ್ಲೋ. ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ 1970ರ ದಶಕದಲ್ಲಿ ಬಂಡೆ ಹತ್ತುವವರು, ಚೆಸ್ ಆಟಗಾರರು, ಸರ್ಜನ್‌ಗಳು, ಸಂಗೀತ ರಚಿಸುವವರು ಹೀಗೆ ಹಲವರನ್ನು ಮಾತನಾಡಿಸಿದರು. ಅವರ ಕೆಲಸ ಬೇರೆ ಬೇರೆ, ಆದರೆ ಈ ಸ್ಥಿತಿಯ ಬಗ್ಗೆ ಅವರು ಹೇಳಿದ್ದು ಹೆಚ್ಚು ಕಡಿಮೆ ಒಂದೇ ಥರ ಇತ್ತು.

ನಾನು ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ, ಪ್ರಯೋಗಾಲಯದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಜನರ ತಲೆಗೆ ಎಲೆಕ್ಟ್ರೋಡ್ ಟೊಪ್ಪಿ ತೊಡಿಸಿ, ಜೆಲ್ ಹಾಕಿ, ಪರದೆಯ ಮೇಲೆ ಅಲೆಗಳನ್ನು ನೋಡುತ್ತಾ ಕೂತವಳು. ಫ್ಲೋ ಅಳೆಯುವುದು ಎಷ್ಟು ಕಷ್ಟ ಅನ್ನುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ. 'ಈಗ ನೀವು ಮುಳುಗಿದ್ದೀರಾ?' ಎಂದು ಕೇಳಿದ ಕ್ಷಣವೇ ಮುಳುಗಿದವರು ಎದ್ದುಬಿಡುತ್ತಾರೆ! ಕೆಲಸ ಮುಗಿದ ಮೇಲೆ ಕೇಳಬೇಕು, ಅವರ ನೆನಪನ್ನು ನಂಬಬೇಕು. ಕೆಳಗಿನ ಉತ್ತರಗಳನ್ನು ಓದುವಾಗ ಇದು ಗಮನದಲ್ಲಿರಲಿ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಬರೆಯುವವನು. ಕೆಲವು ವರ್ಷಗಳ ಹಿಂದೆ ಕೋಡ್ ಬರೆಯಲು ಕೂತರೆ ಮೂರು ಗಂಟೆ ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಈಗ ತಂಡದ ಜವಾಬ್ದಾರಿ ನನ್ನದು. ದಿನವಿಡೀ ಮೆಸೇಜು. ಸಿಗುವ ಕೆಲಸವೂ ಮೊದಲು ಮಾಡಿ ಮಾಡಿ ಗೊತ್ತಿರುವಂಥದ್ದೇ. ಹತ್ತು ನಿಮಿಷಕ್ಕೊಮ್ಮೆ ಮನಸ್ಸು ಎತ್ತಲೋ ಹೋಗುತ್ತದೆ. ನನ್ನ ಮಿದುಳು ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಕಾರಣಗಳನ್ನು ನಿಮ್ಮ ಪತ್ರದಲ್ಲಿ ನೀವೇ ಬರೆದಿದ್ದೀರಿ.

ಮೊದಲು ಮೆಸೇಜುಗಳ ವಿಷಯ. ಮಿದುಳ ಕಾಂಡದೊಳಗೆ ಲೋಕಸ್ ಸೆರುಲಿಯಸ್ ಎಂಬ ಪುಟ್ಟ ಜೀವಕೋಶಗಳ ಗುಂಪು ಇದೆ. ಇಡೀ ಮಿದುಳಿನಲ್ಲಿ ಸುಮಾರು 8,600 ಕೋಟಿ ನ್ಯೂರಾನ್‌ಗಳಿದ್ದರೆ (ನರಕೋಶಗಳಿದ್ದರೆ) ಇಲ್ಲಿರುವುದು ಕೆಲವು ಹತ್ತು ಸಾವಿರ ಮಾತ್ರ. ಆದರೂ ಇವುಗಳ ಎಳೆಗಳು ಮಿದುಳಿನ ಹೆಚ್ಚುಕಡಿಮೆ ಎಲ್ಲ ಕಡೆಗೂ ಚಾಚಿಕೊಂಡಿವೆ, ಅಲ್ಲೆಲ್ಲ ನಾರ್‌ಅಡ್ರಿನಲಿನ್ ಎಂಬ, ಎಚ್ಚರ ಹೆಚ್ಚಿಸುವ ರಾಸಾಯನಿಕ ಬಿಡುತ್ತವೆ. 2005ರಲ್ಲಿ ಗ್ಯಾರಿ ಆಸ್ಟನ್-ಜೋನ್ಸ್ ಮತ್ತು ಜೊನಾಥನ್ ಕೋಹೆನ್ ಈ ಗುಂಪಿನ ಕೆಲಸದ ಬಗ್ಗೆ ಒಂದು ಸಿದ್ಧಾಂತ ಮುಂದಿಟ್ಟರು. ಇದು ತೀರಾ ಮಂಕಾಗಿದ್ದರೆ ತೂಕಡಿಕೆ ಬರುತ್ತದೆ. ಹದವಾಗಿದ್ದು, ಕೆಲಸಕ್ಕೆ ಬೇಕಾದ ಸುಳಿವು ಬಂದಾಗ ಮಾತ್ರ ಚುರುಕಾಗಿ ಮಿಡಿದರೆ ಗಮನ ಒಂದೇ ಕಡೆ ನಿಲ್ಲುತ್ತದೆ. ಸದಾ ಜೋರಾಗಿಯೇ ಮಿಡಿಯುತ್ತಿದ್ದರೆ ಮಿದುಳು 'ಇದಕ್ಕಿಂತ ಮುಖ್ಯವಾದದ್ದು ಬೇರೆಲ್ಲೋ ಇದ್ದೀತು' ಎಂದು ಸುತ್ತಲೂ ಹುಡುಕಲು ಹೊರಡುತ್ತದೆ. ಈ ಮೂರನೆಯದು ರೋಗ ಅಲ್ಲ. ಎಲ್ಲಿಂದ ಏನು ಬರುತ್ತದೋ ಗೊತ್ತಿಲ್ಲದ ಜಾಗದಲ್ಲಿ ಪ್ರಾಣಿಯೊಂದು ಹಾಗೇ ಇರಬೇಕು. ನಿಮ್ಮ ಮೇಜು ಈಗ ಅಂಥ ಜಾಗವಾಗಿದೆ.

ಇದರ ಜೊತೆಗೆ ಇನ್ನೊಂದು ತೊಂದರೆ ಇದೆ. 2009ರಲ್ಲಿ ಸೋಫಿ ಲೆರಾಯ್ ಅದನ್ನು 'ಗಮನದ ಉಳಿಕೆ' ಎಂದು ಕರೆದರು. ಅರ್ಧಕ್ಕೆ ಬಿಟ್ಟ ಕೆಲಸದ ಒಂದು ಪಾಲು ತಲೆಯಲ್ಲೇ ಉಳಿದು ಮುಂದಿನ ಕೆಲಸಕ್ಕೆ ಅಡ್ಡ ಬರುತ್ತದೆ. ಮೆಸೇಜಿಗೆ ಉತ್ತರಿಸಲು ಎರಡೇ ನಿಮಿಷ ಬೇಕಾಯಿತು ಎಂದುಕೊಳ್ಳುತ್ತೇವೆ. ಆದರೆ ಅದರ ಉಳಿಕೆ ಎರಡು ನಿಮಿಷಕ್ಕೆ ಹೋಗುವುದಿಲ್ಲ. ಮುಂದಿನ ಸಂಶೋಧನೆಯಲ್ಲಿ ಅವರು ಒಂದು ಸುಲಭ ದಾರಿಯನ್ನೂ ತೋರಿಸಿದರು. ಕೆಲಸ ಬಿಟ್ಟು ಏಳುವ ಮುನ್ನ 'ಎಲ್ಲಿದ್ದೇನೆ, ವಾಪಸ್ ಬಂದಾಗ ಮೊದಲು ಏನು ಮಾಡಬೇಕು' ಎಂದು ಬರೆದಿಟ್ಟರೆ ಉಳಿಕೆ ಕಡಿಮೆಯಾಗುತ್ತದೆ. ನಾನು ಪೆನ್ಸಿಲ್‌ನಲ್ಲಿ ಒಂದು ಸಾಲು ಗೀಚಿಟ್ಟೇ ಏಳುತ್ತೇನೆ. ಇದನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಇನ್ನು 'ಗೊತ್ತಿರುವ ಕೆಲಸ'. ನನ್ನ ಅನುಮಾನ ಜಾಸ್ತಿ ಇದರ ಮೇಲೇ. ಜರ್ಮನಿಯ ಉಲ್ಮ್‌ನಲ್ಲಿ ಮಾರ್ಟಿನ್ ಉಲ್ರಿಚ್ ಮತ್ತು ಸಂಗಡಿಗರು ಮಾಡಿದ ಪ್ರಯೋಗವೊಂದು 2014ರಲ್ಲಿ ಪ್ರಕಟವಾಯಿತು. ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಮನಸ್ಸಿನಲ್ಲೇ ಲೆಕ್ಕ ಮಾಡಿಸಿದರು. ಒಂದು ಸುತ್ತಿನಲ್ಲಿ ಲೆಕ್ಕ ತೀರಾ ಸುಲಭ. ಇನ್ನೊಂದರಲ್ಲಿ ಕೈಗೆಟುಕದಷ್ಟು ಕಷ್ಟ. ಮತ್ತೊಂದರಲ್ಲಿ ಆಯಾ ವ್ಯಕ್ತಿಯ ಸಾಮರ್ಥ್ಯ ನೋಡಿಕೊಂಡು ಕಂಪ್ಯೂಟರೇ ಕಷ್ಟವನ್ನು ಏರಿಸಿ ಇಳಿಸುತ್ತಿತ್ತು. ಈ ಹೊಂದಿಸಿದ ಸುತ್ತಿನಲ್ಲೇ ಜನ ಮುಳುಗಿದ್ದು. ಆಗ ಭಯ, ಆತಂಕಕ್ಕೆ ಸಂಬಂಧಪಟ್ಟ ಅಮಿಗ್ಡಲದ ಚಟುವಟಿಕೆಯೂ ತಗ್ಗಿತ್ತು, ತನ್ನ ಬಗ್ಗೆ ತಾನೇ ಯೋಚಿಸುವಾಗ ಎಚ್ಚರವಾಗುವ ಹಣೆಯ ನಡುಭಾಗದ್ದೂ ತಗ್ಗಿತ್ತು. ಸುಲಭದ ಲೆಕ್ಕ ಮಾಡುವಾಗ ಅವು ತಗ್ಗಲಿಲ್ಲ. ಕೆಲಸ ಮಿದುಳನ್ನು ಪೂರ್ತಿ ಕೇಳದಿದ್ದರೆ, ಉಳಿದ ಜಾಗದಲ್ಲಿ 'ನಾನು, ನನ್ನ ಚಿಂತೆ' ಬಂದು ಕೂರುತ್ತದೆ. ಈಗ ನಿಮಗೆ ಆಗುತ್ತಿರುವುದೂ ಇದೇ ಅಲ್ವಾ?

ಹಾಗಾದರೆ ಏನು ಮಾಡುವುದು? ವಾರದಲ್ಲಿ ಒಂದು ಕೆಲಸವನ್ನಾದರೂ ನಿಮ್ಮ ಕೈಗಿಂತ ಸ್ವಲ್ಪ ಮೇಲಿರುವಂಥದ್ದನ್ನು ಆರಿಸಿ ನೀವೇ ಇಟ್ಟುಕೊಳ್ಳಿ. ಗೊತ್ತಿರುವುದನ್ನು ತಂಡದ ಕಿರಿಯರಿಗೆ ಕೊಡಿ, ಅವರಿಗೆ ಅದು ಇನ್ನೂ ಕಷ್ಟವೇ. ಬೆಳಗಿನ ಒಂದು ಅವಧಿ ಮೆಸೇಜಿಗೆ ಸಿಗುವುದಿಲ್ಲ ಎಂದು ತಂಡಕ್ಕೆ ಮೊದಲೇ ಹೇಳಿಬಿಡಿ. ಮತ್ತೆ, ಶುರುವಿನ ಹೊತ್ತು ಹಿತವಾಗಿರುವುದಿಲ್ಲ, ಕೈ ಫೋನಿಗೆ ಹೋಗುತ್ತದೆ. ಕಲಕಿದ ನೀರು ತಿಳಿಯಾಗುವವರೆಗೆ ಕೈ ಹಾಕದೆ ಕೂರಬೇಕು. ಬಹಳ ಜನ ಬಿಟ್ಟುಬಿಡುವುದು ಇಲ್ಲೇ.

ಒಂದು ಮಾತು ಮಾತ್ರ ಸೇರಿಸುತ್ತೇನೆ. ಕೆಲಸ ಅಷ್ಟೇ ಅಲ್ಲ, ಇಷ್ಟವಾದ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ, ನಿದ್ದೆ ಕೆಟ್ಟಿದೆ, ವಾರಗಟ್ಟಲೆ ಮನಸ್ಸು ಕುಗ್ಗಿದೆ ಎಂದಾದರೆ ಅದು ಫ್ಲೋ ವಿಷಯ ಅಲ್ಲ. ದಯವಿಟ್ಟು ವೈದ್ಯರನ್ನು ನೋಡಿ.

ಪ್ರಶ್ನೆ: ನಾನು ಮನಶ್ಶಾಸ್ತ್ರದ ವಿದ್ಯಾರ್ಥಿನಿ. ಫ್ಲೋನಲ್ಲಿ ಮುಂಮಿದುಳು ಆಫ್ ಆಗುತ್ತದೆ ಎಂದು ಎಲ್ಲ ಕಡೆ ಓದುತ್ತೇನೆ. ನಿಜವೇ?

ಉತ್ತರ: ಅರ್ಧ ನಿಜ. ಆ ಮಾತಿನ ಹಿಂದೆ ಇರುವುದು ಆರ್ನೆ ಡೀಟ್ರಿಚ್ 2003ರಲ್ಲಿ ಮುಂದಿಟ್ಟ ಒಂದು ಊಹೆ. ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್ ಯೋಜಿಸುತ್ತದೆ, ತೂಗಿ ನೋಡುತ್ತದೆ, ನಮ್ಮ ಮೇಲೆ ನಾವೇ ಕಣ್ಣಿಡಲು ನೆರವಾಗುತ್ತದೆ. ಅದರ ಚಟುವಟಿಕೆ ಸ್ವಲ್ಪ ಹೊತ್ತು ತಗ್ಗಿದಾಗ ಹೊತ್ತಿನ ಅರಿವು, ತನ್ನ ಅರಿವು ಮಸುಕಾಗುತ್ತವೆ ಎಂದರು ಡೀಟ್ರಿಚ್. ಒಳ್ಳೆಯ ಊಹೆ, ಆಮೇಲಿನ ಎಷ್ಟೋ ಪ್ರಯೋಗಗಳಿಗೆ ದಾರಿ ಮಾಡಿಕೊಟ್ಟಿತು.

ಆದರೆ ಪ್ರಯೋಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 2008ರಲ್ಲಿ ಚಾರ್ಲ್ಸ್ ಲಿಂಬ್ ಮತ್ತು ಆಲನ್ ಬ್ರಾನ್ ಆರು ಜಾಸ್ ಪಿಯಾನೋ ವಾದಕರನ್ನು ಮಿದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಕಾಂತ ಸೆಳೆಯದಂಥ ಪುಟ್ಟ ಕೀಬೋರ್ಡ್ ಕೊಟ್ಟರು. ಬಾಯಿಪಾಠದ ಸಂಗೀತ ನುಡಿಸುವುದಕ್ಕಿಂತ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವಾಗ ಪ್ರಿಫ್ರಂಟಲ್‌ನ ಹೊರಬದಿ ತಣ್ಣಗಾಯಿತು, ನಡುಭಾಗ ಚುರುಕಾಯಿತು. ಮೇಲೆ ಹೇಳಿದ ಉಲ್ಮ್ ಪ್ರಯೋಗದಲ್ಲಿ ಆ ನಡುಭಾಗವೇ ತಣ್ಣಗಾಗಿತ್ತು, ಮುಂಮಿದುಳಿನದೇ ಇನ್ನೊಂದು ತುಂಡು, ಕೆಳಬದಿಯ ಮಡಿಕೆ, ಚುರುಕಾಗಿತ್ತು. 'ಆಫ್' ಎಂಬ ಒಂದು ಮಾತು ಇದಕ್ಕೆಲ್ಲ ಸಾಲದು. ಸಂಗೀತಗಾರ ತನ್ನೊಳಗಿಂದ ಏನನ್ನೋ ತೆಗೆದು ಹೇಳುತ್ತಿದ್ದಾನೆ. ಲೆಕ್ಕ ಮಾಡುವವನಿಗೆ ತನ್ನ ಕಥೆ ಬೇಕಿಲ್ಲ. ಆ ಕೆಲಸಕ್ಕೆ ಬೇಡವಾದ ಭಾಗ ಸುಮ್ಮನಾಗುತ್ತದೆ, ಯಾವ ಭಾಗ ಅನ್ನುವುದು ಕೆಲಸದ ಮೇಲೆ ಹೋಗುತ್ತದೆ ಎಂಬುದು ನನ್ನ ಓದು. ನೀವು ಮುಂದೆ ಸಂಶೋಧನೆಗೆ ಹೋಗುವುದಾದರೆ ಇದೇ ಜಾಗದಲ್ಲಿ ಅಗೆಯಿರಿ. ಇಲ್ಲಿ ಮಾಡಬೇಕಾದ ಕೆಲಸ ಬಹಳ ಇದೆ.

ಪ್ರಶ್ನೆ: ನಾವು ಮಿದುಳಿನ ಹತ್ತನೇ ಒಂದು ಭಾಗ ಮಾತ್ರ ಬಳಸುತ್ತೇವಂತೆ. ಫ್ಲೋನಲ್ಲಿ ಉಳಿದದ್ದೂ ತೆರೆದುಕೊಳ್ಳುತ್ತದೆಯೇ?

ಉತ್ತರ: ಇಲ್ಲ. ನಾವು ಇಡೀ ಮಿದುಳನ್ನೂ ಬಳಸುತ್ತೇವೆ. ದೇಹದ ತೂಕದ ಶೇ 2ರಷ್ಟಿರುವ ಮಿದುಳು ಸುಮ್ನೆ ಕೂತಾಗಲೂ ಶೇ 20ರಷ್ಟು ಶಕ್ತಿ ತಿನ್ನುತ್ತದೆ. ಮುಚ್ಚಿದ ಕೋಣೆ ಅಂತ ಯಾವುದೂ ಅಲ್ಲಿಲ್ಲ.

ಪ್ರಶ್ನೆ: ನಾನು ಪಿಟೀಲು ಕಲಿಯುತ್ತಾ ಬಹಳ ವರ್ಷಗಳಾದವು. ಮನೆಯಲ್ಲಿ ಕಣ್ಣು ಮುಚ್ಚಿ ನುಡಿಸುವ ಭಾಗ ವೇದಿಕೆಯಲ್ಲಿ ಎಡವುತ್ತದೆ. 'ಬೆರಳು ಎಲ್ಲಿಡಬೇಕು' ಎಂದು ಯೋಚಿಸಿದಷ್ಟೂ ಕೆಡುತ್ತದೆ. ಯೋಚಿಸದಿದ್ದರೆ ಭಯ. ಏನು ಮಾಡಲಿ?

ಉತ್ತರ: ಈ ಪತ್ರ ಓದಿ ತುಂಬಾ ಹೊತ್ತು ಕೂತೆ. ವೇದಿಕೆಯ ಈ ಸಂಕಟ ಎಂಥದ್ದು ಎಂದು ನನಗೂ ಗೊತ್ತು, ನಾನೂ ಪಿಟೀಲು ನುಡಿಸುತ್ತೇನೆ.

ಬೆರಳಿನ ಬಗ್ಗೆ ಯೋಚಿಸಿದರೆ ಕೆಡುತ್ತದೆ ಎಂದು ನೀವು ಕಂಡುಕೊಂಡದ್ದು ಸರಿಯಾಗಿಯೇ ಇದೆ. 2002ರಲ್ಲಿ ಸಯಾನ್ ಬೈಲಾಕ್ ಮತ್ತು ಸಂಗಡಿಗರು ಫುಟ್‌ಬಾಲ್ ಆಟಗಾರರಿಂದ ಕಂಬಗಳ ನಡುವೆ ಚೆಂಡು ಸಾಗಿಸಿದರು. ಒಮ್ಮೆ 'ಪಾದದ ಯಾವ ಬದಿ ಚೆಂಡಿಗೆ ತಾಕಿತು ಎಂದು ಗಮನಿಸುತ್ತಿರಿ' ಎಂದರು. ಇನ್ನೊಮ್ಮೆ ಕಿವಿಗೆ ಬೀಳುವ ಪದಗಳ ಕಡೆ ಗಮನ ಕೊಡಲು ಹೇಳಿದರು. ಪಳಗಿದ ಆಟಗಾರರು ಬಲಗಾಲಲ್ಲಿ ಆಡುವಾಗ ಪಾದ ಗಮನಿಸಿದರೆ ಆಟ ಕೆಟ್ಟಿತು, ಪದ ಕೇಳುತ್ತಿದ್ದರೆ ಚೆನ್ನಾಗಿತ್ತು. ಹೊಸಬರದು ಇದಕ್ಕೆ ಉಲ್ಟಾ. ನನಗೆ ಬಹಳ ಇಷ್ಟವಾದ ಭಾಗ ಮುಂದಿದೆ: ಅದೇ ಪಳಗಿದ ಆಟಗಾರರು ಎಡಗಾಲಲ್ಲಿ ಆಡಿದಾಗ ಹೊಸಬರಂತೆಯೇ ಆದರು. ಪಾದ ಗಮನಿಸಿದಾಗಲೇ ಎಡಗಾಲು ಚೆನ್ನಾಗಿ ಆಡಿತು. ಯೋಚಿಸದೆ ಬಿಡುವುದು ಮನುಷ್ಯನ ಗುಣ ಅಲ್ಲ, ಆ ಒಂದು ಕಾಲು ಗಳಿಸಿದ ಹಕ್ಕು.

ನಿಮ್ಮ ಇಡೀ ಕೃತಿಯಲ್ಲೂ ಹೀಗೇ. ಹೆಚ್ಚಿನ ಭಾಗ ಬಲಗಾಲು. ಅಲ್ಲೊಂದು ಇಲ್ಲೊಂದು ಎಡಗಾಲು ಉಳಿದಿರುತ್ತದೆ. ಮನೆಯಲ್ಲಿ ಕೂತು ಪ್ರಾಮಾಣಿಕವಾಗಿ ಗುರುತು ಹಾಕಿ. ಎಡಗಾಲಿನ ಜಾಗಗಳನ್ನು ನಿಧಾನವಾಗಿ, ಒಂದೊಂದು ಬೆರಳನ್ನೂ ಗಮನಿಸುತ್ತಾ ತಿದ್ದಬೇಕು. ಬಲಗಾಲಿನ ಜಾಗಗಳಲ್ಲಿ ಬೆರಳನ್ನು ಬಿಟ್ಟು ನಾದವನ್ನು ಕೇಳಿ. ಮುಂದಿನ ಸ್ವರ ಕಿವಿಯಲ್ಲಿ ಹೇಗಿರಬೇಕು ಅನ್ನುವುದರ ಮೇಲೆ ಗಮನ ಇರಲಿ.

2024ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಿಂದ ಬಂದ ಇಇಜಿ ಸಂಶೋಧನೆಯೊಂದು ಇದಕ್ಕೆ ಹತ್ತಿರದ್ದು. 32 ಜಾಸ್ ಗಿಟಾರ್ ವಾದಕರು ಮನೋಧರ್ಮದಿಂದ, ಅಂದರೆ ಆ ಕ್ಷಣಕ್ಕೆ ಹೊಳೆದಂತೆ, ನುಡಿಸಿದರು, ಪ್ರತಿ ಸಲವೂ ಎಷ್ಟು ಮುಳುಗಿದ್ದರು ಎಂದು ಅವರನ್ನೇ ಕೇಳಲಾಯಿತು. ಅನುಭವ ಜಾಸ್ತಿ ಇದ್ದವರು ಜಾಸ್ತಿ ಮುಳುಗಿದರು. ಆಗ ಅವರ ಮುಂಮಿದುಳಿನ ಮೇಲ್ಭಾಗದ ಚಟುವಟಿಕೆ ತಗ್ಗಿತ್ತು. ಅನುಭವ ಕಡಿಮೆ ಇದ್ದವರಲ್ಲಿ ಅಂಥ ಗುರುತು ಹೆಚ್ಚೇನೂ ಕಾಣಲಿಲ್ಲ. ಮೊದಲು ಪರಿಣತಿ, ಆಮೇಲೆ ಹಿಡಿತ ಸಡಿಲಿಸುವುದು, ಎರಡೂ ಬೇಕು ಎಂದು ಸಂಶೋಧಕರು ಹೇಳಿದರು. ಫ್ಲೋ ಬಗ್ಗೆ ನನಗೆ ಹೇಳಬೇಕಾದ ಒಂದೇ ಮಾತಿದ್ದರೆ ಅದು ಇದೇ. ಸಡಿಲಿಸಲು ಮೊದಲು ಕೈಯಲ್ಲಿ ಏನಾದರೂ ಇರಬೇಕು. ನಿಮ್ಮ ಕೈಯಲ್ಲಿ ಇದೆ.

ಇನ್ನು ಭಯ. ಬೈಲಾಕ್ ಅವರದೇ 2001ರ ಇನ್ನೊಂದು ಪ್ರಯೋಗದಲ್ಲಿ, ವಿಡಿಯೋ ಕ್ಯಾಮೆರಾ ಮುಂದೆ ಗಾಲ್ಫ್ ಅಭ್ಯಾಸ ಮಾಡಿದವರು ಆಮೇಲೆ ಒತ್ತಡ ಬಂದಾಗ ಎಡವಲಿಲ್ಲ. ಯಾರೋ ನೋಡುತ್ತಿದ್ದಾರೆ ಎಂಬ ಅರಿವಿಗೆ ಅವರು ಅಭ್ಯಾಸದಲ್ಲೇ ಒಗ್ಗಿಕೊಂಡಿದ್ದರು. ನಿಮ್ಮ ಫೋನನ್ನು ಎದುರಿಗಿಟ್ಟು ರೆಕಾರ್ಡ್ ಮಾಡುತ್ತಾ ನುಡಿಸಿ. ಇಬ್ಬರನ್ನು ಕರೆದು ಕೂರಿಸಿ. ತಪ್ಪಿದರೂ ನಿಲ್ಲಿಸದೆ ಕೊನೆಯವರೆಗೆ ನುಡಿಸಿ. ಎದೆ ಬಡಿತವನ್ನು ಅಡಗಿಸಲು ಹೋಗಬೇಡಿ. 2014ರಲ್ಲಿ ಆಲಿಸನ್ ವುಡ್ ಬ್ರೂಕ್ಸ್ ತೋರಿಸಿದಂತೆ, ಹಾಡುವ ಮುನ್ನ 'ನನಗೆ ಉತ್ಸಾಹ ಬಂದಿದೆ' ಎಂದು ಹೇಳಿಕೊಂಡವರು 'ನನಗೆ ಆತಂಕ ಆಗಿದೆ' ಎಂದವರಿಗಿಂತ ಚೆನ್ನಾಗಿ ಹಾಡಿದರು. ದೇಹದ ಮಟ್ಟಿಗೆ ಎರಡೂ ಬಹಳ ಹತ್ತಿರ. ಮುಂದಿನ ಕಛೇರಿಯ ಮೇಲೆ ಖಂಡಿತ ಬರೆಯಿರಿ.

ಪ್ರಶ್ನೆ: ಎರಡು ಕಿವಿಗೆ ಬೇರೆ ಬೇರೆ ಶಬ್ದ ಕೇಳಿಸುವ ಆ್ಯಪ್, ಡೋಪಮಿನ್ ಹೆಚ್ಚಿಸುವ ಮಾತ್ರೆ, ಇವುಗಳಿಂದ ಫ್ಲೋ ತರಿಸಬಹುದೇ?

ಉತ್ತರ: ಹಣ ಉಳಿಸಿಕೊಳ್ಳಿ. ಶಬ್ದ ಹಿತವಾಗಿದ್ದರೆ, ಹೊರಗಿನ ಗದ್ದಲ ಮುಚ್ಚಿದರೆ ಕೇಳಿ, ಅಷ್ಟಕ್ಕೆ ಅಡ್ಡಿಯಿಲ್ಲ. ಡೋಪಮಿನ್ ಮಿದುಳಿನ ನರಕೋಶಗಳು ಸುದ್ದಿ ಸಾಗಿಸಲು ಬಳಸುವ ರಾಸಾಯನಿಕ, ಸಂತೋಷದ ರಸ ಅಲ್ಲ. ವುಲ್ಫ್ರಮ್ ಶುಲ್ಟ್ಸ್ ಕೋತಿಗಳಲ್ಲಿ ತೋರಿಸಿದ್ದು ಏನು? ನಿರೀಕ್ಷೆಗಿಂತ ಹೆಚ್ಚು ಸಿಕ್ಕಿದಾಗ ಡೋಪಮಿನ್ ನ್ಯೂರಾನ್‌ಗಳು ಚುರುಕಾಗುತ್ತವೆ, ಅಂದುಕೊಂಡಷ್ಟೇ ಸಿಕ್ಕರೆ ಸುಮ್ಮನಿರುತ್ತವೆ, ಕಡಿಮೆಯಾದರೆ ತಗ್ಗುತ್ತವೆ. ಕ್ಷಣಕ್ಷಣದ ಈ ಏರಿಳಿತಕ್ಕೇ ಅರ್ಥ ಇರುವುದು. ಇಡೀ ಮಿದುಳಿನಲ್ಲಿ ಮಟ್ಟ ಏರಿಸಿದರೆ ಆ ಅರ್ಥ ಬರುವುದಿಲ್ಲ. ವೈದ್ಯರು ಬರೆದುಕೊಡದ ಮಾತ್ರೆ ಮುಟ್ಟಲೇಬೇಡಿ.

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ವಿಡಿಯೋ ಗೇಮ್‌ಗೆ ಕೂತರೆ ಕರೆದದ್ದೂ ಕೇಳಿಸುವುದಿಲ್ಲ. ಇದೂ ಫ್ಲೋ ಅಲ್ಲವೇ? ಪಾಠದಲ್ಲಿ ಯಾಕೆ ಬರುವುದಿಲ್ಲ?

ಉತ್ತರ: ಹೌದು, ಫ್ಲೋನೇ. ಅವನು ನಾಟಕ ಮಾಡುತ್ತಿಲ್ಲ, ನಿಮ್ಮ ದನಿ ನಿಜಕ್ಕೂ ತಲುಪುತ್ತಿಲ್ಲ. ಆಟ ಮಾಡಿದವರು ಅದಕ್ಕೆ ಬೇಕಾದದ್ದನ್ನೆಲ್ಲ ಒಳಗೇ ಇಟ್ಟಿದ್ದಾರೆ. ಮುಂದೇನು ಮಾಡಬೇಕು ಎಂಬುದು ಸ್ಪಷ್ಟ. ಮಾಡಿದ್ದು ಸರಿಯೋ ತಪ್ಪೋ ಕೂಡಲೇ ಗೊತ್ತಾಗುತ್ತದೆ. ಕೈ ಪಳಗಿದಂತೆ ಕಷ್ಟ ಏರುತ್ತದೆ. ಪಾಠದಲ್ಲಿ ಏನಾಗುತ್ತದೆ ನೋಡಿ. ಬರೆದದ್ದು ಸರಿಯೇ ಎಂದು ತಿಳಿಯಲು ವಾರಗಳು ಬೇಕು, ಕಷ್ಟದ ಮಟ್ಟ ಇಡೀ ತರಗತಿಗೆ ಒಂದೇ. ಇದನ್ನು ಹುಡುಗನ ಸೋಮಾರಿತನ ಎನ್ನಲು ನಾನು ಒಪ್ಪುವುದಿಲ್ಲ.

ಮನೆಯಲ್ಲಿ ಇದನ್ನು ಪ್ರಯತ್ನಿಸಿ. ಅವನ ಮಟ್ಟಕ್ಕೆ ತುಸು ಕಷ್ಟವೆನಿಸುವ ಐದಾರು ಲೆಕ್ಕ ಅವನೇ ಆರಿಸಲಿ. ಉತ್ತರ ಪಕ್ಕದಲ್ಲೇ ಇರಲಿ, ಒಂದೊಂದು ಮುಗಿದ ಕೂಡಲೇ ನೋಡಿಕೊಳ್ಳಲಿ. ಎಲ್ಲ ಸರಿ ಬಂದರೆ ನಾಳೆ ಕಷ್ಟದ್ದು, ಅರ್ಧಕ್ಕರ್ಧ ತಪ್ಪಿದರೆ ಸುಲಭದ್ದು.

ಹಾಗೆಂದು ಎಲ್ಲ ತಲ್ಲೀನತೆಯೂ ಒಳ್ಳೆಯದಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಮೈಕ್ ಡಿಕ್ಸನ್ ಮತ್ತು ಸಂಗಡಿಗರು ಜೂಜಿನ ಸ್ಲಾಟ್ ಯಂತ್ರದ ಮುಂದೆ ಕೂತವರನ್ನು ಗಮನಿಸಿ, ಅಲ್ಲಿನ ಮುಳುಗುವಿಕೆಯನ್ನು 'ಕತ್ತಲ ಫ್ಲೋ' ಎಂದರು. ಅಲ್ಲಿ ಕೌಶಲ ಏನೂ ಇಲ್ಲ, ಕಳೆದುಕೊಂಡಾಗಲೂ ಯಂತ್ರ ಗೆದ್ದಂತೆ ಸದ್ದು ಮಾಡುತ್ತದೆ. ಮಗ ಆಡುವ ಆಟದಲ್ಲಿ ಅವನ ಕೈ, ಯೋಚನೆ ಬೆಳೆಯುತ್ತಿವೆಯೋ ಅಥವಾ ಸುಮ್ನೆ ಆಟದೊಳಗಿನ ಬಹುಮಾನದ ಪೆಟ್ಟಿಗೆ ತೆರೆದು ಅದೃಷ್ಟ ನೋಡುತ್ತಾ ಕೂರುತ್ತಾನೋ, ಪಕ್ಕದಲ್ಲಿ ಕೂತು ನೋಡಿ. ಎರಡನೆಯದಾದರೆ ತಡೆಯಿರಿ. ಮೊದಲನೆಯದಾದರೆ ನಿದ್ದೆಯ ಹೊತ್ತನ್ನು ಮಾತ್ರ ಗಟ್ಟಿಯಾಗಿ ಕಾಯಿರಿ.

ಪ್ರಶ್ನೆ: ದೊಡ್ಡ ಪರೀಕ್ಷೆಗೆ ನಾಲ್ಕು ತಿಂಗಳಿದೆ. ಓದುವಾಗ ಯಾವತ್ತೂ ಮೈಮರೆಯುವುದಿಲ್ಲ, ಬರೀ ಕಷ್ಟ. ಸಂಜೆಯ ಹೊತ್ತಿಗೆ ತಲೆ ಓಡುವುದೇ ಇಲ್ಲ. ನನ್ನ ಓದುವ ರೀತಿ ತಪ್ಪೇ?

ಉತ್ತರ: ಕಷ್ಟ ಅನಿಸುವುದು ತಪ್ಪಿನ ಗುರುತಲ್ಲ. ಆಂಡರ್ಸ್ ಎರಿಕ್ಸನ್ 1993ರಲ್ಲಿ ಬರ್ಲಿನ್‌ನ ಸಂಗೀತ ವಿದ್ಯಾರ್ಥಿಗಳ ಅಭ್ಯಾಸದ ಬಗ್ಗೆ ಬರೆದದ್ದು ಬಹಳ ಹೆಸರಾಗಿದೆ. ಆದರೆ ಅದರಲ್ಲಿನ ಒಂದು ವಿಷಯವನ್ನು ಜನ ಬಿಟ್ಟುಬಿಡುತ್ತಾರೆ. ಉತ್ತಮ ಪಿಟೀಲು ವಾದಕರೂ ಒಂಟಿಯಾಗಿ ಮಾಡುವ ಅಭ್ಯಾಸವನ್ನು ಬಹಳ ಮುಖ್ಯ ಎಂದರು, ಬಹಳ ಶ್ರಮದ್ದು ಎಂದರು, ಅಷ್ಟೇನೂ ಮಜಾ ಇಲ್ಲ ಎಂದರು. ಕಲಿಯುವಾಗ ತಪ್ಪನ್ನು ಹುಡುಕುತ್ತಿರಬೇಕು. ಫ್ಲೋನಲ್ಲಿ ಆ ಹುಡುಕಾಟವೇ ಅಡಗಿರುತ್ತದೆ. ಎರಡೂ ಒಂದೇ ಹೊತ್ತಿಗೆ ಸಿಗುವುದು ಅಪರೂಪ.

ಕಲಿತ ಭಾವನೆಗೂ ಕಲಿತದ್ದಕ್ಕೂ ವ್ಯತ್ಯಾಸ ಇದೆ. 2019ರಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರದ ತರಗತಿಗಳಲ್ಲಿ ಕೆಲವರು ಸೊಗಸಾದ ಉಪನ್ಯಾಸ ಕೇಳಿದರು, ಕೆಲವರು ತಾವೇ ಲೆಕ್ಕಗಳ ಜೊತೆ ಗುದ್ದಾಡಿದರು. ಉಪನ್ಯಾಸ ಕೇಳಿದವರು 'ಚೆನ್ನಾಗಿ ಕಲಿತೆವು' ಎಂದರು. ಪರೀಕ್ಷೆ ಕೊಟ್ಟಾಗ ಹೆಚ್ಚು ಅಂಕ ಬಂದದ್ದು ಗುದ್ದಾಡಿದವರಿಗೆ. ಹಾಗಾಗಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿರಿ, ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ. ಹಿತವಾಗಿರುವುದಿಲ್ಲ, ಆದರೂ ಮಾಡಿ.

ಸಂಜೆ ತಲೆ ಓಡದಿರುವುದಕ್ಕೂ ಕಾರಣ ಇದೆ. 2022ರಲ್ಲಿ ಪ್ಯಾರಿಸ್‌ನಲ್ಲಿ ಆಂಟೋನಿಯಸ್ ವೀಲರ್, ಮಥಿಯಾಸ್ ಪೆಸಿಲಿಯೋನ್ ಮತ್ತು ಸಂಗಡಿಗರು ಜನರಿಂದ ಆರು ಗಂಟೆಗೂ ಹೆಚ್ಚು ಹೊತ್ತು ತಲೆಗೆಲಸ ಮಾಡಿಸಿದರು. ಕಷ್ಟದ ಕೆಲಸ ಸಿಕ್ಕವರ ಪ್ರಿಫ್ರಂಟಲ್ ಹೊರಬದಿಯಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಜಾಸ್ತಿ ಕೂಡಿತ್ತು. ಆಯ್ಕೆ ಕೊಟ್ಟಾಗ ಅವರು ಶ್ರಮವಿಲ್ಲದೆ ಬೇಗ ಸಿಗುವುದನ್ನೇ ಆರಿಸತೊಡಗಿದರು. ಸಂಜೆ ನಿಮ್ಮ ಕೈ ಫೋನಿಗೆ ಹೋಗುವುದೂ ಬಹುಶಃ ಇದೇ ಥರ. ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಕಷ್ಟದ ಅಧ್ಯಾಯ ಬೆಳಿಗ್ಗೆ ಇರಲಿ. ಬರ್ಲಿನ್‌ನ ಆ ಉತ್ತಮ ವಾದಕರ ಒಂಟಿ ಅಭ್ಯಾಸ ದಿನಕ್ಕೆ ಸುಮಾರು ನಾಲ್ಕು ಗಂಟೆಯ ಆಚೆ ಹೋಗುತ್ತಿರಲಿಲ್ಲ, ಮಧ್ಯಾಹ್ನ ಅವರು ಮಲಗುತ್ತಿದ್ದರು ಕೂಡ. ಸಂಜೆಗೆ ಗೊತ್ತಿರುವುದನ್ನು ಮೆಲುಕು ಹಾಕಿ, ಚಿತ್ರ ಬರೆಯಿರಿ, ಗೆಳೆಯರಿಗೆ ವಿವರಿಸಿ. ಎರಡು ತಿಂಗಳಾದ ಮೇಲೆ ಒಂದು ಪೂರ್ತಿ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬರೆದು ನೋಡಿ. ಚೆನ್ನಾಗಿ ಪಳಗಿದ ವಿಷಯದಲ್ಲಿ ಹೊತ್ತು ಹೋದದ್ದು ತಿಳಿಯದಿದ್ದರೆ ಆಶ್ಚರ್ಯ ಇಲ್ಲ. ಯಾವ ವಿಷಯದಲ್ಲಿ ಹಾಗಾಯಿತು ಎಂದು ನನಗೆ ಬರೆಯಿರಿ, ಉಳಿದ ಎರಡು ತಿಂಗಳು ಹೇಗೆ ಹಂಚಿಕೊಳ್ಳುವುದು ಎಂದು ಆಗ ನೋಡೋಣ.